ಫ್ರಿಜ್ಜಿನಲ್ಲಿಟ್ಟ ಕಾಡು

ಇವತ್ತು ಬಟ್ಟೆ ಒಗೆದೆ. ಬಸ್ಸಿನಲ್ಲಿ ಡ್ಯಾಂಡಿನಾಂಗ್ ಮಾರ್ಕೆಟ್ಟಿಗೆ ಹೋಗಿ ತೆಂಗಿನಕಾಯಿ ತಂದೆ. ಇಡ್ಲಿಗೆ ರುಬ್ಬಿದೆ. ಹಿಟ್ಟಿಗೆ ಜಾಗ ಬೇಕೆಂದು ಬೆಳಿಗ್ಗೆಯೇ ಫ್ರಿಜ್ ಒರೆಸಿ, ಮಗಳ ಕಾಡನ್ನು ಹೊರಗೆ ತೆಗೆದಿಟ್ಟಿದ್ದೆ.

ಕಾಡೆಂದರೆ ಒಂದು ಡಬ್ಬಿ ಒದ್ದೆ ಮರಳು, ಅದರೊಳಗೆ ಆಲ್ಪೈನ್ ಆ್ಯಶ್ ಎಂಬ ಮರದ ಬೀಜ. ನಮ್ಮ ಕಡೆಯ ನೀಲಗಿರಿಗೆ ಎತ್ತರದ ಅಣ್ಣ ಅನ್ನಿ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಹದಿನಾಲ್ಕು ವರ್ಷ ಇದ್ದವಳು ನಾನು. ಗಂಡ ಕೆಲಸಕ್ಕೆಂದು ಅಲ್ಲೇ ಇದ್ದಾರೆ. ಮಗಳು ನಿಶಾ ಒಬ್ಬಳೇ ಎಂದು ಹೋದ ತಿಂಗಳು ಮೆಲ್ಬರ್ನಿಗೆ ಬಂದೆ. ಇಲ್ಲಿಯ ಚಳಿಗೆ ನನ್ನ ಬೆರಳೇ ಮರಗಟ್ಟುತ್ತದೆ, ಇನ್ನು ಬೀಜದ ಪಾಡೇನು? ಬಂಟ್ವಾಳದಲ್ಲಿ ಅಮ್ಮ ಸೌತೆಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಬಚ್ಚಲೊಲೆಯ ಹತ್ತಿರ ಇಡುತ್ತಿದ್ದರು, ಮೂರನೇ ದಿನ ಮೊಳಕೆ. ನಾನು ಡಬ್ಬಿಯನ್ನು ಹೀಟರ್ ಪಕ್ಕ ಇಟ್ಟೆ.

ಸಂಜೆ ಬಂದ ನಿಶಾ ಅದನ್ನು ನೋಡಿ ಕುರ್ಚಿಯಲ್ಲಿ ಕೂತುಬಿಟ್ಟಳು. ಸುಟ್ಟ ಗುಡ್ಡಗಳಲ್ಲಿ ಕಾಡು ಬೆಳೆಸುವುದು ಅವಳ ಕೆಲಸ. ಬೆಂಕಿಗೆ ಈ ಮರ ಸಾಯುತ್ತದೆ, ಸಾಯುತ್ತಾ ಬೀಜ ಉದುರಿಸುತ್ತದೆ. ಆದರೆ ಮರಿಮರ ಬೀಜ ಕಟ್ಟಲು ಇಪ್ಪತ್ತು ವರ್ಷವಾದರೂ ಬೇಕಂತೆ. ಈಗಿನ ಬೇಸಿಗೆಗಳಿಗೆ ಕಾಡು ಒಣಗಿ, ಅಷ್ಟರೊಳಗೇ ಮತ್ತೆ ಬೆಂಕಿ. ಅವಳ ಗುಡ್ಡ ಹಾಗೆ ಎರಡು ಸಲ ಸುಟ್ಟಿದೆ. ಉಳಿದ ಎರಡು ಮೂರು ಮರಗಳಿಗೆ ಹಗ್ಗ ಹಾಕಿ ಹತ್ತಿ ತಂದ ಬೀಜ ಇವು.

"ಮಮ್ಮಿ, ಇದಕ್ಕೆ ಕೋಲ್ಡ್ ಬೇಕು. ಫೈವ್ ವೀಕ್ಸ್ ಆಗಿತ್ತು."

"ಬೀಜ ಚಳಿಯಲ್ಲಿ ಹುಟ್ತದೆ ಅಂತ ನನಗೆಂತ ಗೊತ್ತು ಮಗಾ?"

"ಗುಡ್ಡದಲ್ಲೂ ಈಗ ಮೊದಲಿನ ಚಳಿ ಇಲ್ಲ. ಅದಕ್ಕೇ ಫ್ರಿಜ್. ನೀನು ನೋಡಿದ್ರೆ ಬೇಸಿಗೆ ಮಾಡಿಟ್ಟೆ."

ಬೈದಿದ್ದರೆ ಒಳ್ಳೆಯದಿತ್ತು. ಚಮಚದಲ್ಲಿ ಮರಳು ಸರಿಸಿ ಇಬ್ಬರೂ ನೋಡಿದೆವು. ಬದುಕಿವೆಯೋ ಇಲ್ಲವೋ ಅವಳಿಗೂ ಹೇಳಲಾಗಲಿಲ್ಲ. ವಾರಗಳನ್ನು ಮೊದಲಿಂದ ಎಣಿಸಬೇಕು ಎಂದು ಡಬ್ಬಿಯನ್ನು ಮತ್ತೆ ಫ್ರಿಜ್ಜಿನೊಳಗಿಟ್ಟಳು. ಮುಂದಿನ ವಾರ ನಾನು ಊರಿಗೆ ಟಿಕೆಟ್ ಬುಕ್ ಮಾಡುವವಳಿದ್ದೆ. ಬಂಟ್ವಾಳದ ಬಿಸಿಲಿಗೆ ಬೆನ್ನು ಕೊಟ್ಟು ಕೂರುವ ಆಸೆ. ಅದು ಅವಳಿಗೆ ಗೊತ್ತು.

"ಇದು ಹುಟ್ಟುವವರೆಗೆ ಇರ್ತೀಯಾ?" ಕೇಳಿದಳು. ಇಡೀ ಮಾತು ಕನ್ನಡದಲ್ಲೇ.

ಇರುತ್ತೇನೆ ಅಂದೆ. ಅಂದ ಮೇಲೆ ಊರು ಇನ್ನೂ ದೂರವಾದಂತಾಯಿತು.

ರಾತ್ರಿ ಗಂಜಿ, ಹಪ್ಪಳ ತಿಂದೆವು. ಅವಳು ಸೋಫಾದಲ್ಲಿ ನನ್ನ ತೊಡೆಯ ಮೇಲೆ ಕಾಲು ಹಾಕಿ ಮೊದಲು ನಿದ್ದೆಹೋದಳು.