ದಂಡೆಯಲ್ಲೇ ನಿಂತು ನೋಡಿದ ನಡುಗಡ್ಡೆ

ನನ್ನ ಅಕ್ಕನನ್ನು ಸಮುದ್ರದ ತನಕ ಕರೆದುಕೊಂಡು ಹೋಗಿ, ನಡುಗಡ್ಡೆ ತೋರಿಸದೆ ವಾಪಸ್ ಕರೆತಂದವನು ನಾನು. ಬೋಟು ತಯಾರಿತ್ತು, ಬಿಸಿಲು ಚೆನ್ನಾಗಿತ್ತು, ಅಕ್ಕನ ಮೊಣಕಾಲುಗಳು ಆಗ ಗಟ್ಟಿ ಇದ್ದವು. ಗಟ್ಟಿ ಇಲ್ಲದ್ದು ನನ್ನ ಎದೆ ಒಂದೇ.

ನಾನು ಐನಾಪುರದವನು. ಏಳನೇ ಇಯತ್ತೆಗೆ ಸಾಲೆ ಬಿಟ್ಟೆ. ಆದರೆ ಕೃಷ್ಣಾ ನದಿಯಲ್ಲಿ ಈಜುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಊರಿಗೆ ಹಾಗೆ ಹೇಳಿಕೊಟ್ಟವನೂ ನಾನೇ. ಒಮ್ಮೆ ಗೆಳೆಯರ ಕೂಡ ಜೀಪು ಮಾಡಿಕೊಂಡು ನಿಪ್ಪಾಣಿ ದಾಟಿ, ಘಾಟು ಇಳಿದು ಸಮುದ್ರ ದಂಡೆಯ ಮಾಲವಣಕ್ಕೆ ಹೋದೆ. ನಡುಗಡ್ಡೆ ದಂಡೆಯಿಂದಲೇ ಕಾಣುತ್ತದೆ. ನೀರಿನಲ್ಲಿ ಹಲ್ಲು ಕಿರಿದ ಕರಿ ಬಂಡೆಗಳು, ಅವುಗಳ ಮೇಲೆ ಸೊಟ್ಟಸೊಟ್ಟಗೆ ಹೊರಳಿಕೊಂಡು ಹೋದ ಕೋಟೆ ಗೋಡೆ. ಬೋಟಿನಲ್ಲಿ ಒಂದು ಕಾಲಿಟ್ಟೆ. ಅದು ಅಲುಗಾಡಿತು. ನದಿಯ ನೀರಿಗೆ ತಾನು ಎಲ್ಲಿಗೆ ಹೊರಟಿದ್ದೇನೆಂದು ಗೊತ್ತಿರುತ್ತದೆ. ಈ ಸಮುದ್ರ ಸೀದಾ ನನ್ನ ಕಡೆಗೇ ಬರುತ್ತಿತ್ತು. ಹೊಟ್ಟೆ ಕೆಟ್ಟಿದೆ ಎಂದು ಕಾಲು ಹಿಂದಕ್ಕೆ ತೆಗೆದೆ. ಗೆಳೆಯರು ಹೋಗಿ ಬಂದರು. ಕೃಷ್ಣೆಯ ಹುಲಿ ದಂಡೆಯಲ್ಲಿ ಕೂತು ಅವರ ಚೀಲ ಕಾಯಿತು.

ತಿರುಗಿ ಬರುವಾಗ ಜೀಪಿನಲ್ಲಿ ಅವರು ಆಡಿದ್ದನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು, ಉಗಾರ ಬುದ್ರುಕದಲ್ಲಿರುವ ಅಕ್ಕನ ಮನೆಗೆ ಹೋಗಿ ನಾನೇ ನೋಡಿದಂತೆ ಸುರಿದೆ. ಸುತ್ತ ಉಪ್ಪು ನೀರು, ಕೋಟೆಯ ಬಾವಿಯಲ್ಲಿ ಸಿಹಿ ನೀರು. ಒಳಗೆ ಗುಡಿಗಳು. ತಲೆತಲಾಂತರದಿಂದ ಅಲ್ಲೇ ಇರುವ ನಾಲ್ಕಾರು ಮನೆತನಗಳು. ಮಳೆಗಾಲದಲ್ಲಿ ಬೋಟು ನಿಂತರೆ ದಂಡೆಯ ಮುಖ ನೋಡುವುದೂ ಅವರಿಗೆ ಕಷ್ಟ. ಗೋಡೆಯ ಮೇಲೆ ನಿಂತರೆ ಮೀನುಗಾರರ ದೋಣಿಗಳು ಜೋಳದ ಕಾಳಿನಷ್ಟು ಕಾಣುತ್ತವೆ.

ಅಕ್ಕ ಜೋಳ ಹಸನು ಮಾಡುವುದನ್ನು ನಿಲ್ಲಿಸಿದಳು. "ನಮ್ಮ ಜೈನರ ಮಂದಿ ಯಾರರ ಅದಾರೇನೋ ಅಲ್ಲಿ?"

"ಅದಾರಲಾ! ಒಬ್ಬ ಶೇಠಜೀ ಅಂಗಡಿ ಇಟ್ಟಾರ. ನನಗ ಚಾ ಕುಡಿಸಿದ್ರು."

"ನೀರ ಸೋಸಿದ್ರೇನು?"

"ಎರಡ ಸಲ ಸೋಸಿದ್ರು."

ನೀರು ಸೋಸದೆ ಕುಡಿಯದವಳು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವಳು ನನ್ನಕ್ಕ. ಎರಡು ಸಲ ಸೋಸಿದ ನೀರೇ ಅವಳಿಗೆ ಆಸೆ ಹಚ್ಚಿತು. "ನನ್ನೂ ಒಮ್ಮಿ ಕರಕೊಂಡ ಹೋಗೋ" ಎಂದು ಬೆನ್ನು ಹತ್ತಿದಳು. ಕರೆದುಕೊಂಡು ಹೋದೆ. ಬೋಟಿನ ಹತ್ತಿರ ಅವಳು ಸೆರಗು ಸಿಕ್ಕಿಸಿಕೊಂಡು ತಯಾರಾದಳು. ಬೋಟು ಅಲುಗಾಡಿತು. ತಕ್ಷಣ ನನ್ನೊಳಗೆ ಧರ್ಮ ಎದ್ದು ಕೂತಿತು.

"ಅಕ್ಕಾ, ಈ ಬೋಟ ಹೋದ್ರ ಯಾವಾಗ ತಿರುಗಿ ಬರ್ತಾವೋ ಏನೋ. ಹೊತ್ತ ಮುಳುಗಿದ್ರ ನಿನ್ನ ಊಟದ ನೇಮ ಮುರೀತೈತಿ."

"ಸೂರ್ಯಾ ಇನ್ನೂ ನೆತ್ತಿ ಮ್ಯಾಲ ಅದಾನಲ್ಲೋ?"

"ಸಮುದ್ರದಾಗ ಲಗೂ ಮುಳುಗತಾನ."

ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಕತ್ತಲಾದ ಮೇಲೆ ವಡಾಪಾವ್ ತಿನ್ನುವ ಬಾಯಿ ಈ ಮಾತು ಹೇಳಿತು. ಅಕ್ಕ ನಂಬಿದಳು. ಮರಳಿನಲ್ಲಿ ಕೂತು ಡಬ್ಬಿ ಬಿಚ್ಚಿ, ನಡುಗಡ್ಡೆಗೆ ಮುಖ ಮಾಡಿ ರೊಟ್ಟಿ ತಿಂದಳು. ಊರಿಗೆ ಬಂದು, "ನನ್ನ ತಮ್ಮ ನನ್ನ ನೇಮ ಕಾದಾನ" ಎಂದು ಓಣಿಯೆಲ್ಲ ಹೇಳಿದಳು. ಬಸದಿಯ ಮುಂದೆ ಹಿರಿಯರೊಬ್ಬರು ನನ್ನ ಬೆನ್ನು ಚಪ್ಪರಿಸಿದರು. ನಾನು ತಲೆ ತಗ್ಗಿಸಿದೆ. ಅದನ್ನೂ ವಿನಯ ಎಂದುಕೊಂಡರು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಈ ಚಳಿಗಾಲದಲ್ಲಿ ಅಕ್ಕನ ಸೊಸೆ ಫೋನು ಮಾಡಿದಳು. "ಮಾಮಾ, ನಮ್ಮ ಓಣಿ ಹೆಣ್ಮಕ್ಕಳು ನಾಳೆ ಮಾಲವಣಕ್ಕ ಟೆಂಪೋ ಮಾಡ್ಯಾರ್ರಿ. ಅತ್ತಿ ಒಲ್ಲೆ ಅಂತಾರ. ಬೋಟ ಹತ್ತಿದ್ರ ಊಟದ ಹೊತ್ತಿಗೆ ಬರಾಕ ಆಗೂದಿಲ್ಲ, ನನ್ನ ತಮ್ಮಗ ಗೊತ್ತೈತಿ ಅಂತಾರ. ಮೊಣಕಾಲ ದಿನಾ ಸೋಲಾಕತ್ತಾವು. ಮುಂದಿನ ವರ್ಷ ಅವರಿಗೆ ಮೆಟ್ಟಲ ಹತ್ತಾಕ ಆಗೂದಿಲ್ರಿ. ನೀವರ ಹೇಳ್ರಿ."

ಗಾಡಿ ಚಾಲೂ ಮಾಡಿದೆ. ದಾರಿಯುದ್ದಕ್ಕೂ ಹೊಸ ಸುಳ್ಳು ಹೊಸೆಯುತ್ತಾ ಹೋದೆ. ಈಗ ಹೊಸ ಬೋಟು ಬಂದಾವಂತ, ಗಾಳಿ ಹಂಗ ಹೋಗ್ತಾವಂತ ಎಂದರಾಯಿತು. ಅಕ್ಕ ನಡುಗಡ್ಡೆ ನೋಡುತ್ತಾಳೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಕಬ್ಬಿನ ಟ್ರಾಲಿಗಳ ಹಿಂದೆ ನಿಧಾನಕ್ಕೆ ಹೋಗುವಾಗ ಅದನ್ನೇ ಬಾಯಿಪಾಠ ಮಾಡಿದೆ. ಸಾಲೆಯಲ್ಲಿ ಹೀಗೆ ಓದಿದ್ದರೆ ಮ್ಯಾಟ್ರಿಕ್ ಆಗುತ್ತಿತ್ತು.

ಅಕ್ಕ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು, "ಹೋಗ್ಲೇನೋ ತಮ್ಮಾ? ನೀ ಹೂಂ ಅಂದ್ರ ಹೋಗ್ತೇನಿ. ಇವರ ಮಾತಿನ ಮ್ಯಾಲ ನಂಗ ಭರವಸೆ ಇಲ್ಲ. ನೀ ಕಣ್ಣಾರೆ ನೋಡಿ ಬಂದಾಂವ."

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಸೊಸೆ ಬಾಗಿಲಲ್ಲೇ ನಿಂತಿದ್ದಳು. ನಾನು ಅಕ್ಕನ ಎದುರಿಗೆ ನೆಲದ ಮೇಲೆ ಕೂತೆ.

"ನಾ ನೋಡಿಲ್ಲಬೇ ಅಕ್ಕಾ. ಒಮ್ಮಿನೂ ಆ ಬೋಟ ಹತ್ತಿಲ್ಲ. ಎರಡೂ ಸಲ ಅಂಜಿ ದಂಡ್ಯಾಗ ನಿಂತೆ. ಅಂಜಿಕಿ ನಂದು, ನೆಪಾ ನಿನ್ನ ನೇಮದ್ದು ಮಾಡಿದೆ. ಮಧ್ಯಾಹ್ನ ಹೋದವರು ಮಧ್ಯಾಹ್ನನ ತಿರುಗಿ ಬರ್ತಾರ. ನಾಳೆ ಹೋಗಿ ನೋಡಿ ಬಾ. ನಂದು ತಪ್ಪಾತು, ಅಕ್ಕಾ."