ಗೊಳಸಂಗಿಯ ಹುಡುಗಿಯ ಫೋಟೋ

ಹೋದ ವಾರ ಇಂಡಿ ಪಟ್ಟಣದ ನಮ್ಮ ಶಾಲೆಯ ಕಚೇರಿಯಲ್ಲಿ ಮಕ್ಕಳ ಫೋಟೋಗಳನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸುತ್ತಿದ್ದೆ. ಪರದೆಯ ಮೇಲೆ ಆ ಚೌಕ ಎದ್ದು ನಿಂತಿತು. ಇದೇ ಹೆಸರಿನ ಫೈಲ್ ಅಲ್ಲಿ ಆಗಲೇ ಇದೆ, ಅದನ್ನು ತೆಗೆದು ಇದನ್ನು ಇಡಬೇಕೇ? ಮೌಸ್ ಮೇಲಿನ ಬೆರಳನ್ನು ಎತ್ತಿಬಿಟ್ಟೆ. ಆ ಪ್ರಶ್ನೆ ಬಂದಾಗಲೆಲ್ಲ ನನಗೆ ಸ್ಟುಡಿಯೋ ಕಾಕಾ ನೆನಪಾಗುತ್ತಾರೆ…

ಡಿಗ್ರಿ ಮುಗಿಸಿ ಸುಮ್ಮನೆ ಕೂತಿದ್ದ ನನ್ನನ್ನು ಬಸವನ ಬಾಗೇವಾಡಿಯ ತಮ್ಮ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಇಟ್ಟುಕೊಂಡವರು ಅವರು. ಊರಿಗೊಂದು ಫೋಲ್ಡರ್ ಮಾಡಿದ್ದರು. ಕ್ಯಾಮೆರಾದಿಂದ ಬಂದ ಫೋಟೋಗಳನ್ನು ಆಯಾ ಊರಿನ ಫೋಲ್ಡರಿಗೆ ಸೇರಿಸುವುದು ನನ್ನ ಕೆಲಸ. "ಅವಸರ ಮಾಡಬ್ಯಾಡವ್ವಾ. ಒಂದೊಂದ ಮಾರಿ ನೋಡಿ ಸರಿಸು," ಎನ್ನುತ್ತಿದ್ದರು.

ಅವತ್ತು ನನಗೆ ಅವಸರವಿತ್ತು. ಯಾಕೆಂದು ಈಗ ನೆನಪೂ ಇಲ್ಲ. ಫೋಟೋಗಳಿಗೆ ಕ್ಯಾಮೆರಾ ಕೊಡುವ ನಂಬರುಗಳು ಮತ್ತೆ ಒಂದರಿಂದ ಶುರುವಾಗಿದ್ದವು. ಹೊಸ ಫೋಟೋಗಳಿಗೂ ಹಳೆಯವಕ್ಕೂ ಒಂದೇ ಹೆಸರು. ಚೌಕ ಕೇಳಿದ್ದಕ್ಕೆಲ್ಲ ಹೌದು ಎಂದು ಒತ್ತಿಬಿಟ್ಟೆ. ಗುರುತಿನ ಚೀಟಿಗಾಗಿ ಕಾಕಾ ಹತ್ತಿರದ ಹಳ್ಳಿ ಗೊಳಸಂಗಿಯ ಶಾಲೆಯಲ್ಲಿ ತೆಗೆದಿದ್ದ ಮಕ್ಕಳ ಫೋಟೋಗಳು ಅಳಿಸಿಹೋದವು. ಒಂದನ್ನೂ ಇನ್ನೂ ಪ್ರಿಂಟ್ ಹಾಕಿರಲಿಲ್ಲ. ಹೆದರುತ್ತಲೇ ಹೇಳಿದೆ. "ಹೋಗ್ಲಿ ಬಿಡು, ಮತ್ತ ತಗದ್ರಾತು," ಎಂದರು.

ಮತ್ತೆ ತೆಗೆಯಲು ಹೋಗುವ ಮೊದಲೇ ಆ ಮಕ್ಕಳಲ್ಲಿ ಒಬ್ಬಳು ಜ್ವರದಿಂದ ತೀರಿಕೊಂಡಳು. ಮೂರನೆಯ ದಿನ ಅವಳ ತಾಯಿ ಸ್ಟುಡಿಯೋಗೆ ಬಂದಳು.

"ನೀವು ಸಾಲ್ಯಾಗ ತಗದಿದ್ದಿರಲ್ರಿ, ಅದೊಂದ ಫೋಟೋ ಕೊಡ್ರಿ. ಮನ್ಯಾಗ ಆಕೀದು ಒಂದೂ ಇಲ್ರಿ."

ಕಾಕಾ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. "ನನ್ನ ಕೈಯಿಂದ ತಪ್ಪಾತವ್ವಾ. ಎಲ್ಲಾ ಅಳಿಸಿ ಹೋಗ್ಯಾವ," ಎಂದರು.

"ನಿನ್ನ ಕೈ ಸೇದಿ ಬಿದ್ದು ಹೋಗ್ಲಿ!" ಆಕೆ ಎದೆ ಬಡಿದುಕೊಂಡು ಅಲ್ಲೇ ಕುಸಿದಳು. ಕಾಕಾ ತಲೆ ತಗ್ಗಿಸಿ ನಿಂತಿದ್ದರು.

ಆಕೆ ಹೋದ ಮೇಲೆ, ನಾನು ಹೋಗಿ ನಿಜ ಹೇಳುತ್ತೇನೆ ಎಂದೆ. "ಅಂಗಡಿ ನಂದು, ತಪ್ಪೂ ನಂದ. ಇದನ್ನ ಹೊರೂ ವಯಸ್ಸಲ್ಲ ನಿಂದು," ಎಂದು ಬಾಯಿ ಮುಚ್ಚಿಸಿದರು. ನನಗೂ ಒಳಗೊಳಗೇ ಅದೇ ಬೇಕಿತ್ತೇನೋ…

ಆಮೇಲೆ ಅವರು ಗೊಳಸಂಗಿಯಲ್ಲಿ ತಾವು ತೆಗೆದ ಮದುವೆಯ ಫೋಟೋಗಳನ್ನೆಲ್ಲ ತೆರೆದು ಕೂತರು. ನಾಲ್ಕು ದಿನ, ಗುಂಪಿನಲ್ಲಿರುವ ಒಂದೊಂದು ಮುಖವನ್ನೂ ದೊಡ್ಡದು ಮಾಡಿ ನೋಡಿದರು. ಊಟದ ಪಂಕ್ತಿಯೊಂದರಲ್ಲಿ, ಬಡಿಸುವವನ ಬಕೆಟ್ಟಿನ ಹಿಂದೆ, ಕೆನ್ನೆ ಉಬ್ಬಿಸಿಕೊಂಡು ಹುಗ್ಗಿ ತಿನ್ನುತ್ತಿದ್ದ, ಆ ತಾಯಿಯದೇ ಹೋಲಿಕೆಯ ಒಬ್ಬ ಹುಡುಗಿ ಸಿಕ್ಕಳು. ತಾಯಿಯನ್ನು ಕರೆಸಿದರು. ಆಕೆ ಪರದೆಯನ್ನು ಸವರಿದಳು. "ಆಕೀನ… ಹುಗ್ಗಿ ಅಂದ್ರ ಜೀವಾ ಬಿಡ್ತಿದ್ಲು," ಎಂದವಳು ತನ್ನ ಮಾತು ತನಗೇ ಕೇಳಿಸಿದಂತೆ ಥಟ್ಟನೆ ಸುಮ್ಮನಾದಳು.

ಕೆಲವು ವರ್ಷಗಳ ನಂತರ ಕಾಕಾಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಶಾಪವನ್ನು ನಾನು ನಂಬುವವಳಲ್ಲ. ಆದರೂ ಅವರನ್ನು ನೋಡಲು ಹೋದಾಗ ಹಾಸಿಗೆಯ ಮೇಲಿದ್ದ ಆ ಕೈಯ ಕಡೆ ನೋಡಲಾಗಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡರು.

ಮೊನ್ನೆ ಭಾನುವಾರ ಗೊಳಸಂಗಿಗೆ ಹೋದೆ. ಆ ತಾಯಿಯ ಕೂದಲೆಲ್ಲ ಬೆಳ್ಳಗಾಗಿತ್ತು. ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅಳಿಸಿದ್ದು ನನ್ನ ಕೈ, ಕಾಕಾ ಅವರದಲ್ಲ ಎಂದೆ. ಆಕೆ ಬಯ್ದಿದ್ದರೆ ಚೆನ್ನಾಗಿತ್ತು.

"ಅವಾಗ ಹೇಳಬಾರದಿತ್ತೇನವಾ?" ಎಂದಳು. "ಆ ಮನಷ್ಯಾಗ ಎಂಥಾ ಮಾತು ಅಂದೆ ನಾ. ಈಗ ಯಾರ ಮುಂದ ಹೋಗಿ ತಪ್ಪಾತು ಅನ್ಲಿ?"

ನಾನು ಕ್ಷಮೆ ಕೇಳಬೇಕಾಗಿದ್ದವರೂ ಕಾಕಾ ಅವರೇ…