ದುಬೈಯ ಪುಟದಲ್ಲಿ ಇಲ್ಲದ ಹೆಸರು

ಇವತ್ತು ಮಾಡಿದ ಕೆಲಸಗಳು ಇಷ್ಟು: ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಬಂಗುಡೆ ಮೀನು ತಂದು ತೊಳೆದಿಟ್ಟೆ. ಎಸಿಯ ಜಾಲರಿ ಬಿಚ್ಚಿ ಧೂಳು ತೆಗೆದೆ. ನಮ್ಮವರ ಅಂಗಿಗಳಿಗೆ ಇಸ್ತ್ರಿ ಹಾಕಿದೆ. ಕುಚ್ಚಲಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಅದು ಬೇಯುವ ಹೊತ್ತಿನಲ್ಲಿ ವಿಲ್ಸನನ ಹೆಸರನ್ನು ಅಬುಧಾಬಿಯ ಪೊಲೀಸ್ ದಾಖಲೆಯಲ್ಲಿ ಹುಡುಕಿದೆ. ಸಿಕ್ಕಿತು.

ಈ ಕೊನೆಯ ಕೆಲಸವನ್ನು ನಾನು ಮಾಡಬೇಕಾಗಿದ್ದದ್ದು ನನ್ನ ಮಗಳು ಆರನೆಯ ಕ್ಲಾಸಿನಲ್ಲಿದ್ದಾಗ. ಈಗ ಅವಳಿಗೆ ಕಾಲೇಜು. ಆಗ ನಾನು ಹುಡುಕಲಿಲ್ಲ — ಅಲ್ಲ, ಹುಡುಕಿದೆ, ಆದರೆ ಅವನು ಇರಲು ಸಾಧ್ಯವಿಲ್ಲದ ಕಡೆ ಹುಡುಕಿದೆ. ಹುಡುಕಿ, ಅವನ ಅಕ್ಕ ಲವೀನಾಳಿಗೆ ‘ಹೆಸರು ಇಲ್ಲ’ ಎಂದು ಹೇಳಿದೆ. ಹೇಳಿದ್ದು ಸುಳ್ಳಲ್ಲ. ಅಲ್ಲಿ ಹೆಸರು ಇರಲಿಲ್ಲ. ಈ ‘ಸುಳ್ಳಲ್ಲ’ ಎಂಬುದನ್ನು ಹಿಡಿದುಕೊಂಡೇ ನಾನು ಇಷ್ಟು ವರ್ಷ ನಿದ್ದೆ ಮಾಡಿದ್ದೇನೆ.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಾನು ದುಬೈಯ ಕರಾಮದ ಒಂದು ಟೈಪಿಂಗ್ ಸೆಂಟರಿನಲ್ಲಿ ಕೆಲಸ ಮಾಡುವವಳು. ವೀಸಾ, ಲೇಬರ್ ಕಾರ್ಡು, ಬಾಡಿಗೆ ಕರಾರು — ಜನ ಕಾಗದ ಹಿಡಿದು ಬರುತ್ತಾರೆ, ನಾವು ಅರಬ್ಬಿಯಲ್ಲಿ ತುಂಬಿಕೊಡುತ್ತೇವೆ. ಯಾರ ಮೇಲಾದರೂ ಪೊಲೀಸ್ ಕೇಸು ಇದೆಯೇ, ಒಳಗಿದ್ದಾನೆಯೇ, ಬಿಟ್ಟಿದ್ದಾರೆಯೇ ಎಂದು ಕೇಳಿಕೊಂಡು ಬರುವವರೂ ಇದ್ದಾರೆ. ಪಾಸ್‌ಪೋರ್ಟ್ ನಂಬರ್ ಕೊಟ್ಟರೆ ನೋಡಿ ಹೇಳುತ್ತೇನೆ. ಅವರಿಗೆ ಗೊತ್ತಿರದ, ನನಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯೆಂದರೆ, ಇಲ್ಲಿ ದುಬೈಯ ಪೊಲೀಸರು ಬೇರೆ, ಅಬುಧಾಬಿಯವರು ಬೇರೆ. ಒಬ್ಬರ ವೆಬ್‌ಸೈಟಿನ ಪುಟದಲ್ಲಿ ಹುಡುಕಿದರೆ ಇನ್ನೊಬ್ಬರು ಹಿಡಿದವನ ಹೆಸರು ಕಾಣುವುದಿಲ್ಲ. ದೇಶ ಒಂದೇ ಅಲ್ಲವೇ, ಪೊಲೀಸ್ ಎಂದರೆ ಪೊಲೀಸ್ ಅಲ್ಲವೇ ಎಂದು ಎಲ್ಲರೂ ತಿಳಿದಿರುತ್ತಾರೆ. ದಿನಕ್ಕೊಬ್ಬರಿಗಾದರೂ ನಾನೇ ಇದನ್ನು ಬಿಡಿಸಿ ಹೇಳಿ ಕಳಿಸುತ್ತೇನೆ.

ಲವೀನಾ ನಮ್ಮ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಪರಿಚಯವಾದವಳು, ಊರೂ ಹತ್ತಿರದ್ದೇ. ಹೋಟೆಲಿನಲ್ಲಿ ರೂಮು ಸ್ವಚ್ಛ ಮಾಡುವ ಕೆಲಸ, ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿ ನಾಲ್ಕು ಹೆಂಗಸರ ಜೊತೆ ವಾಸ. ಅವಳ ತಮ್ಮ ವಿಲ್ಸನ್ ಅಬುಧಾಬಿಯ ಒಂದು ಕಂಪನಿಯ ಲಾಂಡ್ರಿಯಲ್ಲಿದ್ದ. ಅವನು ರಜೆಗೆ ಹೋಗುವುದು ಗೊತ್ತಾದರೆ ನಮಗೆಲ್ಲ ಹಬ್ಬ. ಒಬ್ಬರಿಗೆ ಕುಚ್ಚಲಕ್ಕಿ, ಒಬ್ಬರಿಗೆ ಒಣಮೀನು, ಒಬ್ಬರಿಗೆ ಉಪ್ಪಿನಕಾಯಿ — ಊರಿನಿಂದ ಬರುವವರ ಕೈಯಲ್ಲಿ ತರಿಸಿಕೊಳ್ಳದ ಮನೆ ಇಲ್ಲಿ ಯಾವುದಿದೆ? ಅತಿ ಹೆಚ್ಚು ತರಿಸುತ್ತಿದ್ದವಳು ನಾನು. ಅಕ್ಕ-ತಮ್ಮ ಇಬ್ಬರಿಗೂ ನಾನು ‘ಬಾಯಿ’, ಕೊಂಕಣಿಯಲ್ಲಿ ಅಕ್ಕ ಎನ್ನುವ ಹಾಗೆ. ಅವನು ನಗುತ್ತಲೇ ಹೇಳುತ್ತಿದ್ದ: "ನಿಮ್ಮ ಡಬ್ಬ ಹೊತ್ತು ಹೊತ್ತು ಸಾಕಾಯ್ತು ಬಾಯಿ. ನಂಗೊಂದು ಪೋರ್ಟರ್ ವೀಸಾ ನೀವೇ ಟೈಪ್ ಮಾಡಿಕೊಡಿ."

ಅವನು ಆ ಸಲ ರಜೆಗೆ ಹೋದಾಗ ನನಗೆ ಬೆನ್ನುನೋವು ಜೋರು. ಊರಿನ ಡಾಕ್ಟರು ಕೊಟ್ಟ ಮಾತ್ರೆ ಇಲ್ಲಿಯದಕ್ಕಿಂತ ಚೆನ್ನಾಗಿ ಹಿಡಿಯುತ್ತಿತ್ತು. ವಿಲ್ಸನನ ಜೊತೆ ಕಳಿಸು ಎಂದು ಊರಿನಲ್ಲಿರುವ ತಂಗಿ ಗ್ರೇಸಿಗೆ ಫೋನ್ ಮಾಡಿದೆ. ಪೆಟ್ಟಿಗೆ ಬೇಡ, ಡಾಕ್ಟರ ಚೀಟಿ ಬೇಡ, ಸುಮ್ಮನೆ ಭಾರ, ಬರೀ ಮಾತ್ರೆಯ ಪಟ್ಟಿಗಳನ್ನು ಚಕ್ಕುಲಿ ಡಬ್ಬದ ಅಡಿಗೆ ತುಂಬು ಎಂದವಳು ನಾನೇ. ಅವನಿಗೆ ಏನು ಹೇಳಲಿ ಎಂದು ಗ್ರೇಸಿ ಕೇಳಿದಳು. ತಿಂಡಿ ಎನ್ನು, ಇಲ್ಲವಾದರೆ ಅವನದು ನೂರು ಪ್ರಶ್ನೆ ಎಂದೆ. ಪ್ರತಿ ಸಲ ಹಾಗೆಯೇ ಮಾಡುತ್ತಿದ್ದೆವು. ಎಲ್ಲರೂ ಮಾಡುತ್ತಿದ್ದರು — ಇದನ್ನು ನೆಪವಾಗಿ ಹೇಳುತ್ತಿದ್ದೇನೆಯೇ? ಗೊತ್ತಿಲ್ಲ. ಹೊಡೆದುಹಾಕಬಹುದು ಈ ವಾಕ್ಯವನ್ನು. ಇರಲಿ.

ಅವನು ಅಬುಧಾಬಿಗೆ ಬಂದಿಳಿದ ದಿನದಿಂದ ಅವನ ಫೋನು ಬಂದ್. ರೂಮಿಗೂ ಹೋಗಲಿಲ್ಲ, ಕೆಲಸಕ್ಕೂ ಹೋಗಲಿಲ್ಲ. ಎರಡನೆಯ ದಿನ ಗ್ರೇಸಿ ಫೋನ್ ಮಾಡಿ ಮಾತ್ರೆ ಮುಟ್ಟಿತೇ ಎಂದಳು. ಅದೇ ವಾರ ಸೆಂಟರಿಗೆ ಬಂದ ಗಿರಾಕಿಯೊಬ್ಬ, ಇಲ್ಲಿ ಮಾದಕವಸ್ತುವಿನ ಲೆಕ್ಕಕ್ಕೆ ಬರುವ ನೋವಿನ ಮಾತ್ರೆಯನ್ನು ಚೀಟಿ ಇಲ್ಲದೆ ತಂದು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದ ತನ್ನ ಮಾವನ ಕತೆ ಹೇಳಿದ್ದ. ಎರಡನ್ನೂ ಕೂಡಿಸಿ ನೋಡಲು ನನಗೆ ಸಮಯ ಬೇಕಾಗಲಿಲ್ಲ. ಕೂಡಿಸಿದೆ, ಮತ್ತೆ ಬೇರೆ ಬೇರೆ ಇಟ್ಟೆ. ಇರಲಾರದು ಎಂದುಕೊಂಡೆ. ಇರಬಹುದು ಎಂದೂ —

ಆ ಸಂಜೆ ಲವೀನಾ ಹೋಟೆಲಿನ ಯೂನಿಫಾರ್ಮಿನಲ್ಲೇ ನಮ್ಮ ಮನೆಗೆ ಬಂದಳು. ತಮ್ಮನ ಪಾಸ್‌ಪೋರ್ಟಿನ ಫೋಟೋ ಅವಳ ಮೊಬೈಲಿನಲ್ಲಿತ್ತು. "ಪೊಲೀಸ್ ಹಿಡಿದಿದ್ದಾರಾ ಅಂತ ಒಮ್ಮೆ ನೋಡಿ ಬಾಯಿ," ಎಂದಳು, "ನಿಮಗೆ ಇದೆಲ್ಲ ಗೊತ್ತುಂಟಲ್ಲ."

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಕೈ ತಾನಾಗಿ ದುಬೈಯ ಪುಟಕ್ಕೆ ಹೋಯಿತು. ತಾನಾಗಿ — ಎಂದು ಬರೆದೆನಲ್ಲ, ಅದೂ ಸರಿಯಲ್ಲ. ಅವನು ಇಳಿದದ್ದು ಅಬುಧಾಬಿಯಲ್ಲಿ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಪುಟಗಳು ಬೇರೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಲವೀನಾ ನೀರು ಕುಡಿಯಲು ಅಡುಗೆಮನೆಗೆ ಹೋದಾಗ, ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಪರದೆಗೆ ಕತ್ತು ಚಾಚಿ, "ಮಮ್ಮಾ, ದಿಸ್ ಈಸ್ ಓನ್ಲಿ ಫಾರ್ ದುಬೈ" ಎಂದಳು. ನಂಗೆ ಗೊತ್ತುಂಟು, ನಿನ್ನ ಪುಸ್ತಕ ನೋಡು ಎಂದು ಗದರಿದೆ. ಮಗು ನನ್ನ ಮುಖ ನೋಡಿತು. ಆ ನೋಟ ಈಗಲೂ ನನ್ನ ಹತ್ತಿರ ಇದೆ.

ಲವೀನಾ ಬಂದು ಕುಳಿತಳು.

"ಹೆಸರು ಇಲ್ಲ," ಎಂದೆ.

"ಜೈಲಿನಲ್ಲಿ ಇಲ್ಲ ಅಂತ ಸಂತೋಷಪಡಬೇಕಾ, ಅಳಬೇಕಾ, ಹೇಳಿ ಬಾಯಿ," ಎಂದು ಅವಳು ನನ್ನನ್ನೇ ಕೇಳಿದಳು.

ಅಬುಧಾಬಿಯ ಪುಟವನ್ನು ನಾನು ಆಮೇಲೂ ತೆರೆಯಲಿಲ್ಲ. ತೆರೆದು ನೋಡಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ, ಹೇಳಿದರೆ ಮಾತ್ರೆ ಯಾರದು ಎಂಬ ಪ್ರಶ್ನೆ ಬರುತ್ತದೆ. ನನ್ನ ವೀಸಾ, ನಮ್ಮವರ ಕೆಲಸ, ಮಗಳ ಶಾಲೆ — ಎಲ್ಲ ಒಂದರ ಹಿಂದೆ ಒಂದು ಕಣ್ಣಿಗೆ ಕಟ್ಟಿತು. ಇಷ್ಟೆಲ್ಲ ಯೋಚಿಸಿದವಳಿಗೆ ಗೊತ್ತಿರಲಿಲ್ಲ ಎಂದು ಹೇಳಬಹುದೇ? ಗೊತ್ತಿತ್ತೇ? ಇವತ್ತಿಗೂ ನನಗಿದು ಬಿಡಿಸಲು ಬಾರದ ಗಂಟು. ಗೊತ್ತಾಗದ ಹಾಗೆ ನೋಡಿಕೊಂಡೆ, ಅಷ್ಟು ಮಾತ್ರ ನಿಜ.

ನಾನು ಆಡಿದ ಆ ಎರಡು ಪದ ಅಲ್ಲಿಗೇ ನಿಲ್ಲಲಿಲ್ಲ. ಪೊಲೀಸರ ಹತ್ತಿರ ಇಲ್ಲ ಎಂದು ಲವೀನಾ ಅವನ ಕಂಪನಿಗೆ ತಿಳಿಸಿದಳು. ಒಳಗಿಲ್ಲ, ಕೆಲಸಕ್ಕೂ ಬರುತ್ತಿಲ್ಲ ಎಂದ ಮೇಲೆ ಅವರು ಅಬ್ಸ್‌ಕಾಂಡಿಂಗ್ ಹಾಕಿದರು — ಓಡಿಹೋದವ ಎಂದು. ಅವಳು ಆಸ್ಪತ್ರೆಗಳಲ್ಲಿ ಹುಡುಕಲು ಹೊರಟಳು. ಒಬ್ಬಳೇ ಹೋಗಲು ಹೆದರಿಕೆ, ಬನ್ನಿ ಎಂದಳು. ಹೋದೆ. ಕೌಂಟರಿನಲ್ಲಿ ಗುರುತು ಸಿಗದ ಹೆಣಗಳ ವಿಷಯ ವಿಚಾರಿಸಲು ಅವಳಿಂದ ಆಗಲಿಲ್ಲ. ನಾನೇ ಕೇಳಿದೆ. ಬದುಕಿದ್ದಾನೆ ಎಂದು ಮನಸ್ಸಿನೊಳಗೆ ಅಂದುಕೊಳ್ಳುತ್ತಲೇ, ಅವನ ಎತ್ತರ, ಬಣ್ಣ, ಕೆನ್ನೆಯ ಮೇಲಿನ ಮಚ್ಚೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಅಂಥವರು ಯಾರೂ ಇಲ್ಲ ಎಂದಾಗ ಲವೀನಾ ನನ್ನ ಭುಜ ಹಿಡಿದು ಅತ್ತಳು. ನೀವಿಲ್ಲದಿದ್ದರೆ ನಾನೇನು ಮಾಡುತ್ತಿದ್ದೆ ಎಂದಳು. ನಾನು ಅವಳ ಬೆನ್ನು ಸವರಿದೆ.

ಅದು ತಪಸ್ಸಿನ ಕಾಲ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಆ ವರ್ಷ ಈಸ್ಟರಿನವರೆಗೂ ನಾನು ಮೀನು ಮಾಂಸ ಮುಟ್ಟಲಿಲ್ಲ. ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಹೋಗಿ, ಮಗಳಿಗೆ ಸಿಟ್ಟಿನಲ್ಲಿ ಹೊಡೆದೆ, ಪೂಜೆಗೆ ತಡವಾಗಿ ಹೋದೆ ಎಂದು ಹೇಳಿ ಬಂದೆ. ಸಣ್ಣ ಸಣ್ಣದನ್ನೆಲ್ಲ ಹೆಕ್ಕಿ ಹೆಕ್ಕಿ ಹೇಳಿದೆ.

ಈಸ್ಟರ್ ಕಳೆದ ಮೇಲೆ ವಿಲ್ಸನನೇ ಲವೀನಾಳಿಗೆ ಫೋನ್ ಮಾಡಿದ. ನಂಬರುಗಳೆಲ್ಲ ಫೋನಿನಲ್ಲಿ, ಫೋನು ಪೊಲೀಸರ ವಶದಲ್ಲಿ. ಒಂದೂ ಬಾಯಿಪಾಠವಿರಲಿಲ್ಲವಂತೆ. ಬಿಟ್ಟಿದ್ದಾರೆ, ನೇರ ಊರಿಗೆ ಕಳಿಸುತ್ತಿದ್ದಾರೆ ಎಂದಷ್ಟೇ ಹೇಳಿದನಂತೆ. ಯಾವುದೋ ಮಾತ್ರೆಯ ಗೊಂದಲ ಬಾಯಿ, ಎಂದಳು ಲವೀನಾ. ಎಲ್ಲಿ ಇಟ್ಟಿದ್ದರು, ನಿಮಗೆ ಯಾಕೆ ಸಿಗಲಿಲ್ಲ ಎಂದು ಅವಳು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ಆ ಕ್ರಿಸ್ಮಸ್ಸಿಗೆ ಕುಸ್ವಾರಿನ, ಎಂದರೆ ಹಬ್ಬದ ತಿಂಡಿಯ, ಡಬ್ಬ ತುಂಬಿಸಿ ತಂದಳು. ನಾನು ಡಬ್ಬ ತೆಗೆದುಕೊಂಡೆ.

ಹೋದ ವಾರ ಲವೀನಾ ಸೆಂಟರಿಗೆ ಬಂದಳು. ವಿಲ್ಸನನಿಗೆ ಊರಿನಲ್ಲಿ ಸರಿಯಾದ ಕೆಲಸವಿಲ್ಲ, ಹೆಂಡತಿ ಗರ್ಭಿಣಿ, ಮತ್ತೆ ಇಲ್ಲಿಗೆ ಬರುವ ಮನಸ್ಸು. ಬರಬಹುದೇ, ಹಳೆಯ ಕೇಸು ಅಡ್ಡ ಬರುತ್ತದೆಯೇ ನೋಡಬೇಕು. ಅದೇ ಪಾಸ್‌ಪೋರ್ಟಿನ ಫೋಟೋ. ಎದ್ದು ಹೊರಡುವಾಗ ಮೇಜಿನ ಮೇಲಿನ ಸ್ಟೇಪ್ಲರನ್ನು ಸರಿಯಾಗಿಡುತ್ತಾ, ಬೇರೇನೋ ವಿಷಯ ಹೇಳುವವಳ ಹಾಗೆ ಹೇಳಿದಳು:

"ಡಾಕ್ಟರ ಚೀಟಿ ಯಾರಾದರೂ ತಂದುಕೊಟ್ಟಿದ್ದರೆ ಆಗಲೇ ಬಿಡ್ತಿದ್ದರಂತೆ ಬಾಯಿ. ಯಾರ ಮಾತ್ರೆ ಅಂತ ಅವ ಇವತ್ತಿನವರೆಗೂ ನಂಗೆ ಹೇಳಿಲ್ಲ."

ಚೀಟಿ ಗ್ರೇಸಿಯ ಕಪಾಟಿನಲ್ಲಿತ್ತು. ಫೋಟೋ ತೆಗೆದು ಕಳಿಸು ಎಂದಿದ್ದರೆ ಅವಳು ಅರೆಗಳಿಗೆಯಲ್ಲಿ ಕಳಿಸುತ್ತಿದ್ದಳು.

ಲವೀನಾಳಿಗೆ ಗೊತ್ತೇ? ಗೊತ್ತಿದ್ದೇ ಇಷ್ಟು ವರ್ಷ ನನ್ನ ಮನೆಯಲ್ಲಿ ಉಂಡಳೇ? ಅಥವಾ ನಿಜವಾಗಿಯೂ ಅವನು ಹೇಳಿಲ್ಲವೇ? ಹೇಳದಿದ್ದರೆ ಯಾಕೆ? ಪೊಲೀಸರಿಗೂ ಅವನು ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಅವರು ನಮ್ಮ ಬಾಗಿಲಿಗೆ ಬರುತ್ತಿದ್ದರು. ನನ್ನ ಮೇಲಿನ ಪ್ರೀತಿಯೇ, ನನ್ನ ಮಗಳ ಮೇಲಿನ ಕನಿಕರವೇ, ಹೇಳಿದರೆ ಯಾರು ನಂಬುತ್ತಾರೆ ಎಂಬ ಸೋಲೇ — ಯಾವುದನ್ನು ಹಿಡಿಯಲಿ? ಲವೀನಾಳ ಆ ಮಾತನ್ನು ಈ ವಾರವಿಡೀ ತಿರುವಿ ತಿರುವಿ ನೋಡಿದೆ. ಬಟ್ಟೆ ಮಡಚುವಾಗ ಗೊತ್ತಿದೆ ಅನಿಸುತ್ತದೆ, ಪಾತ್ರೆ ತೊಳೆಯುವಾಗ ಇಲ್ಲ ಅನಿಸುತ್ತದೆ. ಕೊನೆಗೆ ಒಂದು ತಿಳಿಯಿತು. ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂದು ನಾನು ಹುಡುಕುತ್ತಿರುವುದೂ ಆ ದುಬೈಯ ಪುಟದ ಹಾಗೆಯೇ. ಹೆಸರು ಇರುವ ಕಡೆ ಬಿಟ್ಟು ಬೇರೆ ಕಡೆ ಹುಡುಕುವುದು.

ಆದ್ದರಿಂದ ಇವತ್ತು ಅಬುಧಾಬಿಯ ಪುಟ ತೆರೆದೆ. ಹಿಡಿದದ್ದು ವಿಮಾನ ಇಳಿದ ದಿನ. ಬಿಟ್ಟದ್ದು ಈಸ್ಟರ್ ಮುಗಿದ ವಾರ. ಕೇಸು ಮುಗಿದಿದೆ. ಅಂದರೆ ಅವಳು ಈ ಮೇಜಿನ ಹತ್ತಿರ ಕುಳಿತು ಅಳಬೇಕಾ ಎಂದು ಕೇಳಿದ ಸಂಜೆ ಅವನ ಹೆಸರು ಅಲ್ಲಿತ್ತು. ನಾವು ಆಸ್ಪತ್ರೆಗೆ ಹೋದ ದಿನವೂ ಇತ್ತು. ಅವನು ಮತ್ತೆ ಬರಬಹುದೋ ಇಲ್ಲವೋ ಎಂಬುದು ಈ ಪುಟದಲ್ಲಿ ಇಲ್ಲ. ಅದನ್ನು ಅಬುಧಾಬಿಯ ಕೌಂಟರಿನಲ್ಲೇ ಕೇಳಬೇಕು. ನಾಳೆ ರಜೆ ಹಾಕಿದ್ದೇನೆ. ಗ್ರೇಸಿಯಿಂದ ಹಳೆಯ ಚೀಟಿಯ ಫೋಟೋ ತರಿಸಿಕೊಂಡಿದ್ದೇನೆ, ಅದರ ಮೇಲೆ ನನ್ನ ಹೆಸರಿದೆ. ಈಗ ಅದರಿಂದ ಉಪಯೋಗವಿದೆಯೋ, ನನಗೆ ಏನಾಗುತ್ತದೋ, ಗೊತ್ತಿಲ್ಲ. ನಮ್ಮವರಿಗೂ ಇನ್ನೂ ಹೇಳಿಲ್ಲ. ಮೊದಲು ಕೇಳಬೇಕಾದವಳು ಲವೀನಾ, ಅವರಲ್ಲ.

ಮಧ್ಯಾಹ್ನ ಲವೀನಾ ಊಟಕ್ಕೆ ಬಂದಳು. ಚಪ್ಪಲಿ ಬಿಡುವ ಮೊದಲೇ, ಸಿಕ್ಕಿತಾ ಬಾಯಿ ಎಂದಳು. ಸಿಕ್ಕಿತು, ಊಟ ಆಗಲಿ, ಕೂತು ಹೇಳುವುದುಂಟು ಎಂದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಆಯ್ತು ಎಂದು ತಟ್ಟೆ ಇಡಲು ಹೋದಳು. ಇದನ್ನು ಬರೆಯುತ್ತಿರುವುದು ಅವಳ ಕೈಗೆ ಕೊಡಲಿಕ್ಕಲ್ಲ. ಹೇಳಲು ಕುಳಿತಾಗ ಮತ್ತೆ ಬೇರೆ ಕಡೆ ಹೋಗದಿರಲಿ ಎಂದು.

ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ತೊಂಡೆಕಾಯಿ ಪಲ್ಯ. ಗಸಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ. ನಮ್ಮವರು ಪೇಪರ್ ಹಿಡಿದುಕೊಂಡು ಒಳಗೆ ಹೋದರು, ಮಗಳು ಫೋನು ಹಿಡಿದುಕೊಂಡು ಅವಳ ಕೋಣೆಗೆ. ಎಲ್ಲರಿಗಿಂತ ಮೊದಲು ನಿದ್ದೆ ಬಂದದ್ದು ಲವೀನಾಳಿಗೆ, ಸೋಫಾದ ಮೇಲೆ, ಕೈಯನ್ನು ಕೆನ್ನೆಯ ಅಡಿಗಿಟ್ಟುಕೊಂಡು. ಅವಳು ಏಳುವುದನ್ನು ಕಾಯುತ್ತಾ ನಾನು ಎದುರಿನ ಕುರ್ಚಿಯಲ್ಲಿ ಎಚ್ಚರವಾಗಿ ಕುಳಿತಿದ್ದೇನೆ.